ಚಾಪೆಯ ಕೆಳಗೆ ಕೂತವರು

ಮಾತಾಲೆಲೆ, ಸವಾಯಿ ದ್ವೀಪ
ಮಾರ್ಚ್ ೯, ಸೋಮವಾರ

ಪ್ರೀತಿಯ ತಮ್ಮ ಪೆನಿಯಾಮಿನಾ,

ಹೇಗಿದ್ದೀಯ? ಬಿ.ಪಿ. ಮಾತ್ರೆ ತಪ್ಪದೆ ನುಂಗುತ್ತಿದ್ದೀಯಾ? ರಾಜಧಾನಿಯ ಔತಣಗಳಲ್ಲಿ ಹಂದಿ ಕೊಬ್ಬು ಕಡಿಮೆ ತಿನ್ನು. ನನ್ನ ಮಂಡಿ ಇನ್ನೂ ಊದಿಕೊಂಡೇ ಇದೆ. ಯಾಕೆಂದು ನಿನಗೆ ಗೊತ್ತು.

ನಿನ್ನೆ ತೆಂಗಿನಹಾಲು ಹಿಂಡುತ್ತ ರೇಡಿಯೋದಲ್ಲಿ ನಿನ್ನ ಚುನಾವಣಾ ಭಾಷಣ ಕೇಳಿದೆ. “ಉರಿಬಿಸಿಲಲ್ಲಿ ಚಾಪೆ ಹೊದ್ದು ಮಂಡಿಯೂರಿದೆ, ಫೆರೇಟಿ ನನ್ನ ಕಣ್ಣೀರು ಒರೆಸಿದ” ಅಂದೆಯಲ್ಲ, ಥೂ! ಹಿಂಡಿದ ಹಾಲನ್ನು ಹಂದಿಗೆ ಸುರಿದೆ. ಕುಡಿದು ಕಾರು ಓಡಿಸಿದವನು ನೀನು. ಫೆರೇಟಿಯ ಹೆಂಡತಿ ಲೆಪೆಕಾ ಕೆಸುವಿನ ಗೆಡ್ಡೆಯ ಬುಟ್ಟಿ ಹೊತ್ತು ರಸ್ತೆಯಂಚಿನಲ್ಲಿ ಹೋಗುತ್ತಿದ್ದವಳು ಅಲ್ಲೇ ಸತ್ತಳು. ಬೆಳಕು ಹರಿಯುವ ಮುಂಚೆ ಅವರ ಮನೆ ಮುಂದೆ, ಅಮ್ಮ ಎರಡು ವರ್ಷ ಹೆಣೆದ ಚಾಪೆ ಹೊದ್ದು ಕ್ಷಮೆ ಬೇಡುತ್ತ ಕೂರಬೇಕಾದವನೂ ನೀನೇ. ಫೋನಿನಲ್ಲಿ ಏನಂದೆ? “ಅಕ್ಕಾ, ನೀನೇ ಕೂತ್ಕೊಂಡ್ಬಿಡು. ಚಾಪೆ ಕೆಳಗೆ ಯಾರಿದ್ದಾರೆ ಅಂತ ಯಾರಿಗೆ ಕಾಣ್ಸುತ್ತೆ?”

ಕೂತೆ. ಅವರು ಸೇಡಿಗೆ ಬಂದಾರೆಂಬ ಭಯ ಒಂದು, ನಿನ್ನ ಮೇಲಿನ ಹಾಳು ಮೋಹ ಇನ್ನೊಂದು. ಬಿಸಿಲು ನೆತ್ತಿಗೇರಿದ ಮೇಲೆ ಫೆರೇಟಿ ಬಂದು ಚಾಪೆ ಎತ್ತಿದ. ಎತ್ತಿದರೆ ಕ್ಷಮಿಸಿದಂತೆ. “ನೀನಾ ಮೊಎಲಾಗಿ? ಅವ್ನೆಲ್ಲಿ?” ಅಂದ. “ಆಸ್ಪತ್ರೇಲಿದಾನಪ್ಪ, ಏಳೋಕಾಗ್ತಿಲ್ಲ” ಅಂದೆ. ಅರವತ್ತೆಂಟನೇ ವಯಸ್ಸಿನಲ್ಲಿ, ಹೆಂಡತಿ ಸತ್ತವನ ಮುಖ ನೋಡಿಕೊಂಡು ಹೇಳಿದ ಸುಳ್ಳು ಅದು. ಅವನು ನಂಬಿ, ಚಾಪೆ ಒಳಗಿಟ್ಟು, ನನಗೆ ಊಟ ಹಾಕಿದ.

ಇದು ಹೊಸದೇನಲ್ಲ ಬಿಡು. ಮೇಷ್ಟ್ರಾಗಿದ್ದಾಗ ಮಕ್ಕಳು ಕಟ್ಟಿದ ಹಾಡನ್ನು ನಿನ್ನದೆಂದು ಹಾಡಿದೆ. ಚಂಡಮಾರುತದ ವರ್ಷ ಯಾರೋ ಕಳಿಸಿದ ಮೀನಿನ ಡಬ್ಬಿಗಳ ಮೇಲೆ ನಿನ್ನ ಮುಖ ಅಂಟಿಸಿ ಹಂಚಿದೆ. ಮೂರು ಪಕ್ಷ ದಾಟಿ ಮಂತ್ರಿಯಾದೆ. ಪ್ರತಿ ಸಲವೂ ನಾನು “ನಮ್ಮ ಪೆನಿ ಚುರುಕು” ಎಂದು ನಕ್ಕೆ. ಹಿರಿಯಕ್ಕನಾಗಿ ನಾನು ಹೂಂ ಅಂದದ್ದಕ್ಕೇ ಮನೆತನದ ಯಜಮಾನಿಕೆ, ತುವಾಲಿಮಾ ಪಟ್ಟ, ನಿನಗೆ ಸಿಕ್ಕಿತು. ಪಟ್ಟವಿಲ್ಲದವರು ಚುನಾವಣೆಗೆ ನಿಲ್ಲುವಂತಿಲ್ಲ, ಅದಿದ್ದುದಕ್ಕೇ ನೀನು ನಿಂತೆ. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಅಂತಾರಲ್ಲ, ಆ ದೊಡ್ಡವನನ್ನು ಸಾಕಿದ್ದು ನಾನೇ. ನಿನಗಿಂತ ನನ್ನ ಮೇಲೇ ನನಗೆ ಹೇಸಿಗೆ.

ನಿನ್ನನ್ನು ಹರಸಲು ಬಾಯಿ ಬರುತ್ತಿಲ್ಲ. ನಿನ್ನ ಹೆಂಡತಿ ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಮೊಎಲಾಗಿ

ಮತ್ತೆ: ಇವತ್ತು ಬೆಳಿಗ್ಗೆ ಫೆರೇಟಿ ಬಂದು ಚಾಪೆಯನ್ನು ನಮ್ಮ ಬಾಗಿಲಲ್ಲಿಟ್ಟು ಹೋದ. ಕೊಟ್ಟ ಕ್ಷಮೆಯನ್ನು ವಾಪಸ್ಸು ತೆಗೆದುಕೊಂಡಂತೆ ಅದು, ಅವನೂ ರೇಡಿಯೋ ಕೇಳಿದ್ದಾನೆ. ಮಧ್ಯಾಹ್ನ ಮನೆತನದವರೆಲ್ಲ ಸೇರಿ ನಿನ್ನ ಪಟ್ಟ ತೆಗೆದೆವು. ಮೊದಲು ಕೈ ಎತ್ತಿದವಳು ನಾನು. ಇನ್ನು ನೀನು ಬರೀ ಪೆನಿಯಾಮಿನಾ, ಚುನಾವಣೆಯ ಮಾತಿಲ್ಲ. ಶುಕ್ರವಾರದ ಹಡಗಿಗೆ ಒಬ್ಬನೇ ಬಾ. ಶನಿವಾರ ಬೆಳಗಿನ ಜಾವ ಚಾಪೆ ನಾನೇ ಹೊದಿಸುತ್ತೇನೆ, ಫೆರೇಟಿಯನ್ನು ಕರೆದು ನಿನ್ನ ಮುಖ ತೋರಿಸಿದ ಮೇಲೆ.