ಮಗಳು ಕಳಿಸಿದ್ದು

ಬೇಕರಿ ಹಿಂದಿನ ಮನೆ
ತಾರೀಕು ಹದಿನಾಲ್ಕು, ಮಂಗಳವಾರ

ಪ್ರೀತಿಯ ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಂದ ಇನ್ನೇನು ಬರುತ್ತದೆ, ತಪ್ಪಿದ ಕಡೆ ನೀನೇ ಸರಿ ಮಾಡಿಕೊಂಡು ಓದು. ಕಾಗದದ ಮೇಲಿರುವ ಬಿಳಿ ಕಲೆ ಮೈದಾ ಹಿಟ್ಟು, ಗಾಬರಿಯಾಗಬೇಡ. ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತಾ? ನೀನು ಕೆಲಸಕ್ಕಿದ್ದು ನೋಡಿಕೊಳ್ಳುವ ಅಜ್ಜಿ ಈಗಲೂ ಮಾತ್ರೆಗಳನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾರಾ? ಫೋನಿನಲ್ಲೇ ಕೇಳೋಣವೆಂದರೆ ನೀನು ನಕ್ಕು ಮಾತು ಮರೆಸುತ್ತೀಯ, ನಿನ್ನ ನಗು ಕೇಳಿದರೆ ನನಗೆ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಈ ಕಾಗದ.

ಹೋದ ಸಲ ನೀನು ಎರಡು ಪುಟ ಅಮ್ಮನ ಆರೋಗ್ಯದ ಬಗ್ಗೆ ಬರೆದು, ಕೊನೆಯಲ್ಲಿ ಒಂದೇ ಸಾಲು ನಿನ್ನದು ಸೇರಿಸಿದ್ದೆ. ಎಡಗಡೆ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಗುತ್ತದೆ, ಹಸಿರು ಮುಚ್ಚಳದ ಡಬ್ಬಿಯ ಗುಳಿಗೆ ಶುರು ಮಾಡಿದ ಮೇಲೆ ಬೆಳೆದಿಲ್ಲ, ಅಮ್ಮನಿಗೆ ಹೇಳಬೇಡ ಅಂತ. ಹೇಳಿಲ್ಲ ಕಣಕ್ಕಾ. ಆದರೆ ಅವತ್ತಿನಿಂದ ಹಿಟ್ಟು ನಾದುವಾಗ ಬೆರಳಿಗೆ ಒಂದು ಗಂಟು ಸಿಕ್ಕರೂ ನನ್ನ ಕೈ ನಿಂತುಬಿಡುತ್ತದೆ.

ಅಮ್ಮನಿಗೆ ಎದೆಯಲ್ಲಿ ಆ ಕಾಯಿಲೆ ಬಂದಾಗ ನೀನು ಪಟ್ಟ ಪಾಡು ನಾನು ನೋಡಿದ್ದೇನೆ. ಆಪರೇಷನ್ ಆದ ಮೇಲೆ ನೀನು ಹನ್ನೊಂದು ದಿನ ಅವಳ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದೆ. ಕೂದಲು ಉದುರಿದಾಗ ನೀನೂ ನಿನ್ನ ಜಡೆ ಕತ್ತರಿಸಿಕೊಂಡು ಬಂದು, ನೋಡು ನಮ್ಮಿಬ್ಬರಿಗೂ ಬಾಚಣಿಗೆ ಖರ್ಚು ಉಳೀತು ಅಂದಿದ್ದೆ. ಅಮ್ಮ ಆ ತಿಂಗಳಲ್ಲಿ ನಕ್ಕಿದ್ದು ಅದೊಂದೇ ಸಲ. ಆಮೇಲೆ ನಿನ್ನ ಪಾರ್ಸಲ್ಲುಗಳು ಶುರುವಾದವು. ಅಮ್ಮನಿಗೆ ಮತ್ತೆ ಬರಬಾರದು, ನಮಗಿಬ್ಬರಿಗೆ ಬರಲೇಬಾರದು ಅಂತ ಅರಿಶಿನದ ಗುಳಿಗೆ, ಹಸಿರು ಚಹಾದ ಗುಳಿಗೆ, ಮೀನೆಣ್ಣೆ, ಅದೇನೋ ಪುಡಿ. ನಮಗೆ ಇಂಗ್ಲಿಷ್ ಓದಲು ಬಾರದು ಅಂತ ಮುಚ್ಚಳದ ಮೇಲೆ ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ, ಊಟದ ಜೊತೆಗೆ ಅನ್ನುವುದಕ್ಕೆ ತಟ್ಟೆ ಬಿಡಿಸಿ ಕಳಿಸುತ್ತಿದ್ದೆ. ಇಷ್ಟು ಬುದ್ಧಿ ಯಾವ ಡಾಕ್ಟರಿಗಿದೆ ಹೇಳು.

ಈಗ ನಡೆದದ್ದು ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬಾರದು. ಹೋದ ವಾರ ಅಮ್ಮನ ರಕ್ತ ಪರೀಕ್ಷೆಯಲ್ಲಿ ಲಿವರ್ ಸ್ವಲ್ಪ ಏರುಪೇರಾಗಿದೆ ಅಂದರು. ಬೇರೆ ಏನು ತಗೊಳ್ತೀರಿ ಅಂತ ಡಾಕ್ಟರು ಕೇಳಿದರೆ, ನಾಲ್ಕು ವರ್ಷದಿಂದ ಹೇಳುವ ಹಾಗೇ ಏನೂ ಇಲ್ಲ ಅಂದಳು. ನಾನು ಅವಳ ಸೆರಗು ಜಗ್ಗಿದೆ. ಅವಳು ನನ್ನ ಮೇಲೇ ರೇಗಿದಳು. "ಅದು ಔಷಧಿ ಅಲ್ಲ ಕಣೇ, ಅದು ಮಗಳು ಕಳಿಸಿದ್ದು."

ಡಾಕ್ಟರು ಬಯ್ಯಲಿಲ್ಲ. ಮಾರನೇ ದಿನ ಎಲ್ಲ ಡಬ್ಬಿ ಕಟ್ಟಿಕೊಂಡು ಊಟದ ಮೇಡಂ ಹತ್ತಿರ ಹೋಗಿ ಅಂದರು. ರೋಗಿಗಳಿಗೆ ಏನು ತಿನ್ನಬೇಕು ಅಂತ ಹೇಳಿಕೊಡುವವರು ಅವರು. ಅವರ ಕೋಣೆ ನಮ್ಮ ಬೇಕರಿ ಒಲೆಯಷ್ಟೇ ಇದೆ, ಒಂದು ಮೇಜು, ಎರಡು ಕುರ್ಚಿ, ಮೂರನೆಯವರು ಬಂದರೆ ಬಾಗಿಲು ಹಾಕಲಾಗದು. ನಾನು ಹದಿನಾಲ್ಕು ಡಬ್ಬಿ ಮೇಜಿನ ಮೇಲಿಟ್ಟು ನಾಚಿಕೆಯಿಂದ ಗೋಡೆ ನೋಡುತ್ತಾ ನಿಂತೆ. ಅವರು ನಗಲಿಲ್ಲ. ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ತಿರುಗಿಸಿ ಸಣ್ಣ ಅಕ್ಷರವನ್ನೆಲ್ಲ ಓದಿದರು. ನೀನು ಬಿಡಿಸಿದ ಸೂರ್ಯ ಚಂದ್ರ ನೋಡಿ, ಇದನ್ನು ಮಾಡಿದವರು ಯಾರು ಅಂತ ಕೇಳಿದರು. ಅಮ್ಮ ಜಂಬದಿಂದ ನಿನ್ನ ಕಥೆ ಹೇಳಿದಳು. ಆಮೇಲೆ ಮೇಡಂ ಹಸಿರು ಮುಚ್ಚಳದ್ದನ್ನು ಬೇರೆ ಇಟ್ಟು, ಇದು ಚಹಾ ಅಲ್ಲ, ಚಹಾದ ಸಾರವನ್ನು ಬಹಳ ಗಟ್ಟಿ ಮಾಡಿದ್ದು, ಕೆಲವರ ಲಿವರಿಗೆ ಆಗಿಬರುವುದಿಲ್ಲ, ಸದ್ಯ ಎಲ್ಲವನ್ನೂ ನಿಲ್ಲಿಸಿ ಮತ್ತೆ ರಕ್ತ ನೋಡೋಣ ಅಂದರು. ಹಾಗಾದರೆ ಏನು ತಿನ್ನಲಿ ಅಂತ ಅಮ್ಮ ಮುಖ ಸಣ್ಣ ಮಾಡಿದಳು. ತರಕಾರಿ, ಹಣ್ಣು, ಬೇಳೆಕಾಳು, ಪಾಲಿಶ್ ಮಾಡದ ಧಾನ್ಯ, ಬೇಕಿದ್ದರೆ ಒಂದು ಚಮಚ ಅಗಸೆ ಬೀಜದ ಪುಡಿ, ದಿನಾ ಅರ್ಧ ಗಂಟೆ ನಡಿಗೆ, ತೂಕ ಏರದ ಹಾಗೆ ನೋಡಿಕೊಳ್ಳುವುದು. ಇದರಿಂದ ಅಪಾಯ ಸ್ವಲ್ಪ ಕಡಿಮೆಯಾಗಬಹುದು, ಬರುವುದೇ ಇಲ್ಲ ಅಂತ ಯಾರೂ ಬರೆದುಕೊಡಲಾರರು ಅಂದರು. ಅಷ್ಟು ನೇರವಾಗಿ ಮಾತಾಡುವವರನ್ನು ನಾನು ನೋಡಿರಲಿಲ್ಲ.

ಅಮ್ಮನನ್ನು ತೂಕ ನೋಡಲು ನರ್ಸ್ ಕರೆದೊಯ್ದಾಗ ನನಗೆ ಎಲ್ಲಿಂದ ಧೈರ್ಯ ಬಂತೋ. ನಮ್ಮ ಬೇಕರಿಯಲ್ಲಿ ಒಬ್ಬರಿಗೆ ಕಡಲೆಕಾಳಿನಷ್ಟು ಗಂಟಿದೆ, ಹಸಿರು ಗುಳಿಗೆ ತಗೊಂಡ ಮೇಲೆ ಬೆಳೆದಿಲ್ಲವಂತೆ ಅಂದೆ. ಮೇಡಂ ಪೆನ್ನು ಕೆಳಗಿಟ್ಟರು.

"ಆ ಒಬ್ಬರು ನೀನಾ, ನಿನ್ನ ಅಕ್ಕನಾ?"

ನಾನು ಅತ್ತುಬಿಟ್ಟೆ. ಅವರು ನನ್ನ ಕೈ ಹಿಡಿದುಕೊಂಡು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. "ಹೆಚ್ಚಿನ ಗಂಟುಗಳು ಏನೂ ಆಗಿರಲ್ಲ. ಆದ್ರೆ ಅದು ಯಾವುದು ಅಂತ ಗುಳಿಗೆಗೂ ಗೊತ್ತಾಗಲ್ಲ, ಸೊಪ್ಪಿಗೂ ಗೊತ್ತಾಗಲ್ಲ. ಕೈಯಿಟ್ಟು ನೋಡಬೇಕು, ಒಳಗಿನ ಫೋಟೋ ತೆಗೀಬೇಕು. ಅಮ್ಮನಿಗೆ ಬಂದಿತ್ತು ಅಂದ್ಮೇಲೆ ನಾಳೆ ಅನ್ನಬೇಡಿ."

ನಿನ್ನ ತಪ್ಪೇನೂ ಇಲ್ಲ ಅಕ್ಕಾ. ನಿನ್ನ ಡಬ್ಬಿ ಬಂದ ದಿನ ಅಮ್ಮ ಅದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು, ಅದರಿಂದ ಅವಳಿಗೆ ಆದ ಒಳ್ಳೆಯದನ್ನು ಯಾವ ಪರೀಕ್ಷೆಯಲ್ಲೂ ತೋರಿಸಲಾಗದು. ಅವಳು ಈಗ ದಿನಾ ಬೇಕರಿ ಬೀದಿಯಲ್ಲಿ ನಾಲ್ಕು ಸುತ್ತು ನಡೆಯುತ್ತಾಳೆ, ಎದುರಿಗೆ ಸಿಕ್ಕವರಿಗೆಲ್ಲ ಸೊಪ್ಪಿನ ಪಾಠ ಹೇಳಿ ತಲೆ ತಿನ್ನುತ್ತಾಳೆ. ನಿನಗೆ ಅಮ್ಮನ ಆಶೀರ್ವಾದ, ಆ ಅಜ್ಜಿಗೆ ನನ್ನ ನಮಸ್ಕಾರ.

ನಿನ್ನ
ಇಲಿಮರಿ

ಅವಸರದಲ್ಲಿ ಬಿಟ್ಟುಹೋಗಿದ್ದು: ಶನಿವಾರ ನಾನು ಅಲ್ಲಿಗೆ ಬರುತ್ತಿದ್ದೇನೆ. ಅಜ್ಜಿಯ ಮಗಳ ಹತ್ತಿರ ಒಂದು ವಾರ ರಜೆ ಕೇಳಿಡು. ಸೋಮವಾರ ಹತ್ತು ಗಂಟೆಗೆ ಇಲ್ಲಿನ ಆಸ್ಪತ್ರೆಯಲ್ಲಿ ಮೇಡಂ ನಿನ್ನ ಹೆಸರು ಬರೆಸಿದ್ದಾರೆ, ಫೋಟೋ ತೆಗೆಯುವ ಕೋಣೆಗೆ ತಾವೇ ಜೊತೆಗೆ ಬರುತ್ತಾರಂತೆ. ನಿನ್ನನ್ನು ನೋಡಬೇಕು ಅನ್ನಿಸಿದೆ ಅಂತಷ್ಟೇ ಅಮ್ಮನಿಗೆ ಹೇಳಿದ್ದೇನೆ. ಬರಲ್ಲ ಅಂದರೆ ನಿನ್ನ ಬಾಗಿಲ ಮುಂದೆಯೇ ಕೂತಿರುತ್ತೇನೆ, ನನ್ನ ಹಟ ನಿನಗೆ ಗೊತ್ತಲ್ಲ. ಬೆಳಗ್ಗೆ ಮೊದಲ ಬ್ರೆಡ್ಡು ಒಲೆಗೆ ಹಾಕಿ, ಬಸ್ ನಿಲ್ದಾಣಕ್ಕೆ ಓಡಿಹೋಗಿ ಟಿಕೆಟ್ ತೆಗೆಸಿದೆ. ಹೋಗಲು ಒಂದು, ಬರಲು ಎರಡು. ನಿನಗೆ ಬಸ್ಸಿನಲ್ಲಿ ವಾಂತಿಯಾಗುತ್ತದಲ್ಲ, ಕಿಟಕಿ ಪಕ್ಕದ್ದೇ ಕೇಳಿ ಪಡೆದೆ.