ಕಡಿಮೆಯಾದ ಯೂನಿಟ್‌ಗಳು

ವಿಜಯನಗರ, ಮೈಸೂರು

ಇಂಜಿನಿಯರ್ ಸಾಹೇಬರಿಗೆ ನಮಸ್ಕಾರ.

ನಮ್ಮ ಮನೆಯ ಕರೆಂಟ್ ಬಳಕೆ ತಿಂಗಳಿಗೆ ಇನ್ನೂರೈವತ್ತು ಯೂನಿಟ್ ಇಳಿದಿದೆ, ಮೀಟರ್ ಕೆಟ್ಟಿರಬಹುದು ಎಂದು ತಾವು ನೋಟಿಸ್ ಕಳಿಸಿದ್ದೀರಿ. ಮೀಟರ್ ಸರಿಯಾಗಿಯೇ ಇದೆ. ಅದನ್ನು ಯಾರೂ ಮುಟ್ಟಿಲ್ಲ.

ನನ್ನ ಹೆಂಡತಿ ಸಾಕಮ್ಮನ ಉಸಿರಾಟಕ್ಕೆ ಆಕ್ಸಿಜನ್ ಯಂತ್ರವೊಂದನ್ನು ಬಾಡಿಗೆಗೆ ತಂದಿದ್ದೆ. ಮುನ್ನೂರೈವತ್ತು ವ್ಯಾಟ್‌ನದು, ಹಗಲೂ ರಾತ್ರಿ ಓಡುತ್ತಿತ್ತು. ಇಪ್ಪತ್ನಾಲ್ಕು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ದಿನಕ್ಕೆ ಎಂಟೂವರೆ ಯೂನಿಟ್‌ಗೆ ತುಸು ಕಡಿಮೆ. ತಿಂಗಳಿಗೆ ಲೆಕ್ಕ ಹಾಕಿ, ತಾವು ಹುಡುಕುತ್ತಿರುವ ಯೂನಿಟ್‌ಗಳೆಲ್ಲ ಸಿಗುತ್ತವೆ. ಅವಳ ತಿಥಿ ಮುಗಿದ ಮರುದಿನ ಯಂತ್ರವನ್ನು ವಾಪಸ್ ಕೊಟ್ಟೆ. ಈಗ ಓಡುವುದು ಒಂದು ಫ್ಯಾನ್, ಅದೂ ಮನೆಯಲ್ಲಿ ಸದ್ದಿರಲಿ ಎಂದು.

ಒಂದು ವಿನಂತಿ. ಕರೆಂಟ್ ತೆಗೆಯುವ ಮುಂಚೆ ನನಗೊಂದು ಫೋನ್ ಮಾಡಿ ಎಂದು ತಮ್ಮ ಲೈನ್‌ಮನ್ ಮರಿಸ್ವಾಮಿಯವರನ್ನು ಆ ಯಂತ್ರವಿದ್ದಾಗ ಕೇಳಿಕೊಂಡಿದ್ದೆ. ಅವರು ಈಗಲೂ ತಪ್ಪದೆ ಮಾಡುತ್ತಾರೆ.

"ಸಾರ್, ಹತ್ತು ಗಂಟೆಗೆ ಕರೆಂಟ್ ತೆಗೀತೀವಿ. ಅಮ್ಮೋರಿಗೆ ಸಿಲಿಂಡರ್ ಹಾಕ್ಬುಡಿ. ಎಂಗವ್ರೆ ಈಗ?" ಎನ್ನುತ್ತಾರೆ.

"ಹಂಗೇ ಅವ್ಳೆ ಕಣಪ್ಪ" ಎನ್ನುತ್ತೇನೆ.

ಮೀಟರ್ ಪರೀಕ್ಷೆಗೆ ಯಾರನ್ನು ಬೇಕಾದರೂ ಕಳಿಸಿ, ನಾನು ಮನೆಯಲ್ಲೇ ಇರುತ್ತೇನೆ. ಆದರೆ ಈ ಪತ್ರದ ವಿಷಯ ಮರಿಸ್ವಾಮಿಯವರಿಗೆ ದಯವಿಟ್ಟು ತಿಳಿಸಬೇಡಿ. ಅವಳು ಹೇಗಿದ್ದಾಳೆ ಎಂದು ಕೇಳುವವರು ಈಗ ಅವರೊಬ್ಬರೇ.

ಇಂತಿ ತಮ್ಮ ಗ್ರಾಹಕ,
ಮಹದೇವಯ್ಯ