ಬಿಷಪ್ಪರ ಬಿಳಿ ತೋಳುಗಳು

ಸ್ಟೋಕ್ಲಿ ಬಂದರು,
ಭಾನುವಾರ, ೨೦ ಜೂನ್ ೧೭೯೦

ಪೂಜ್ಯ ಬಿಷಪ್ ಟ್ರೆಂಚರ್ಡ್ ಅವರಿಗೆ, ಕಾಗದದ ಮೇಲೆ ಇನ್ನೂ ನಿಮ್ಮ ಹೆಂಡತಿಯಾಗಿರುವ ಡಾರ್ಕಸ್ ಮಾಡುವ ನಮಸ್ಕಾರ.

ನೀವು ಇದನ್ನು ಒಡೆಯುವ ಹೊತ್ತಿಗೆ ಆರಾಧನೆ ಮುಗಿದಿರುತ್ತದೆ. ಮಗಳು ಕೆಜಾಯಾ ಬರಲಿಲ್ಲವೆಂದು ಕುದಿಯುತ್ತಿರುತ್ತೀರಿ. ಅವಳು ನನ್ನ ಪಕ್ಕದಲ್ಲೇ ಗಂಟಿನ ಮೇಲೆ ಕೂತು ಮೆಕ್ಕೆಜೋಳದ ರೊಟ್ಟಿ ತಿನ್ನುತ್ತಿದ್ದಾಳೆ. ಮಧ್ಯಾಹ್ನ ನಮ್ಮ ಹಡಗು ಹ್ಯಾಲಿಫ್ಯಾಕ್ಸಿಗೆ ಹೊರಡುತ್ತದೆ. ಅಲ್ಲಿ ಇನ್ನೂ ಲಂಡನ್ನಿನ ರಾಜನದೇ ಆಳ್ವಿಕೆ. ನಿಮ್ಮ ಕೈ ಅಷ್ಟು ದೂರ ಚಾಚಲಾರದು.

ಹೋದ ತಿಂಗಳು ಹೇಳಿ ಕಳಿಸಿದ್ದಿರಿ: "ಈ ದೇಶದ ದರ್ಜಿಗಳು ಬಿಷಪ್ಪನ್ನೇ ಕಂಡಿಲ್ಲ, ಆ ಅಂಗಿಯ ದೊಡ್ಡ ಬಿಳಿ ತೋಳು ಹೊಲಿಯೋಕೆ ನಿನ್ನ ಕೈನೇ ಬೇಕು ಕಣೇ. ತೋಳು ಬಂದ ದಿನ ಹುಡುಗೀನ ಒಂದು ವಾರ ಕಳಿಸ್ತೀನಿ." ನೀವು ಬಿಷಪ್ ಪಟ್ಟಕ್ಕಾಗಿ ಲಂಡನ್ನಿಗೆ ಹೊರಟ ದಿನ ನಾನು ಮನೆ ಬಿಟ್ಟೆ. ಅಂದಿನಿಂದ ಮೂರು ವರ್ಷ ಮಗಳ ಮುಖ ತೋರಿಸದವರು ಒಂದು ಜೊತೆ ತೋಳಿಗೆ ಬಗ್ಗಿದಿರಿ. ತೋಳು ನಿಮಗೆ ತಲುಪಿತು, ಅವಳು ನನ್ನ ಬಳಿ ಬಂದಳು; ಇವತ್ತಿನ ಆರಾಧನೆಗೆ ವಾಪಸ್ ಕಳಿಸಬೇಕಿತ್ತು.

ಈ ದೇಶ ರಾಜನ ಮೇಲೆ ದಂಗೆಯೆದ್ದು ಯುದ್ಧ ಶುರುವಾದಾಗ ನಮ್ಮ ಪಾದ್ರಿಗಳೆಲ್ಲ ಪ್ರಾರ್ಥನೆ ಪುಸ್ತಕದಲ್ಲಿ ರಾಜನ ಹೆಸರಿನ ಮೇಲೆ ಮಸಿ ಎಳೆದರು. ನೀವೂ ಎಳೆದಿರಿ, ಅಡಿಪಟ್ಟಿ ಇಟ್ಟು ನೇರವಾಗಿ. ನನ್ನ ಅಪ್ಪ ಮಾತ್ರ, "ರಾಜನಿಗೆ ನಿಷ್ಠೆಯ ಆಣೆ ಇಟ್ಟಿದ್ದೀನಮ್ಮ, ಹೆಸರು ಹೊಡೆದುಹಾಕೋಕೆ ಆಗಲ್ಲ" ಎಂದರು. ಅವರ ಆ ಪುಸ್ತಕವನ್ನು ನಾನು ಹಿಟ್ಟಿನ ಪೀಪಾಯಿಯಲ್ಲಿ ಹುದುಗಿಸಿಟ್ಟೆ. "ಮಾವನೋರ ಪುಸ್ತಕ ಜೋಪಾನವಾಗಿದೆ ತಾನೇ? ಎಲ್ಲಿಟ್ಟಿದ್ದೀಯೇ?" ಎಂದು ಊಟದ ನಡುವೆ ಕೇಳಿದಿರಿ. ಗಂಡನಲ್ಲವೇ, ಹೇಳಿದೆ. ಮಾರನೆಯ ದಿನ, ರಾಜನ ಕಡೆಯವರನ್ನು ಹಿಡಿಯುವ ಊರ ಸಮಿತಿಯವರು ಬೇರೆಲ್ಲೂ ಹುಡುಕಲಿಲ್ಲ, ನೇರ ಪೀಪಾಯಿಗೇ ಕೈ ಹಾಕಿದರು.

ಅಪ್ಪನ ಬಿಳಿ ನಿಲುವಂಗಿಯ ಮೇಲೆಯೇ ಕುದಿಯುವ ಡಾಂಬರು ಸುರಿದರು. ನಾನು ಹಂದಿಯ ಕೊಬ್ಬು ಹಚ್ಚಿ ಉಜ್ಜಿದೆ. ಡಾಂಬರಿನ ಜೊತೆ ಚರ್ಮವೂ ಬಂತು. ಮೂರು ದಿನ ಬದುಕಿದ್ದರು. "ಪುಸ್ತಕ ಅವರಿಗೆ ಹೇಗೆ ಸಿಕ್ತಮ್ಮ?" ಎಂದು ಕೇಳಿದರು. ಗೊತ್ತಿಲ್ಲಪ್ಪ ಎಂದೆ. ಆ ಸುಳ್ಳು ನನ್ನದು, ಅದನ್ನು ನಾನೇ ಹೊರುತ್ತೇನೆ.

ನೀವು ಶವದ ಮುಂದೆ ನಿಂತು ಊರ ಪುಂಡರನ್ನು ಶಪಿಸಿ ಅತ್ತಿರಿ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಹಾಗೆ. ಅಪ್ಪನ ಚರ್ಚು ನಿಮಗೇ ಸಿಕ್ಕಿತು. ಆಮೇಲೆ ಅದೇ ರಾಜನ ಊರಿಗೆ ಹೋಗಿ, ಅವನಿಗಾಗಿ ದಿನಾ ಪ್ರಾರ್ಥಿಸುವ ಬಿಷಪ್ಪರ ಮುಂದೆ ಮಂಡಿಯೂರಿ ಪಟ್ಟ ಪಡೆದು ಬಂದಿರಿ.

ಇವತ್ತು ಊರ ಮಕ್ಕಳನ್ನು ಸಭೆಗೆ ಸೇರಿಸಿಕೊಂಡು ಆಶೀರ್ವದಿಸುವಾಗ ಮೊದಲು ಮಗಳ ತಲೆಯ ಮೇಲೆಯೇ ಕೈ ಇಡಬೇಕೆಂದಿದ್ದಿರಿ. ನಿಮ್ಮನ್ನು ದ್ವೇಷಿಸುತ್ತೇನೆ. ಆ ಕೈ ಅವಳನ್ನು ಮುಟ್ಟುವುದು ಬೇಡ.

ಪಾದ್ರಿ ಆಂಬ್ರೋಸ್ ಪೆಲ್ ಅವರ ಮಗಳು,
ಡಾರ್ಕಸ್

ತಾ.ಕ.: ತೋಳುಗಳನ್ನು ಅಪ್ಪನ ಅದೇ ನಿಲುವಂಗಿಯಿಂದ ಕತ್ತರಿಸಿದೆ. ಡಾಂಬರು ಮೆತ್ತಿದ ತುಂಡುಗಳನ್ನು ಕಂಕುಳ ಬಳಿ ಎರಡು ಪದರಗಳ ನಡುವೆ ಇಟ್ಟು ಹೊಲಿದಿದ್ದೇನೆ. ಇವತ್ತು ಬೆಳಗಿನಿಂದಲೇ ಸೆಕೆ. ಮಕ್ಕಳ ತಲೆಯ ಮೇಲೆ ಕೈ ಇಡುವಾಗ ವಾಸನೆ ಬಂತೇ? ಮೈಗೆ ಅಂಟಿದ್ದರೆ ಹಂದಿಯ ಕೊಬ್ಬು ಹಚ್ಚಿ ಉಜ್ಜಿಸಿಕೊಳ್ಳಿ. ಪೂರ್ತಿ ಹೋಗುವುದಿಲ್ಲ.